ಬರಗೇರಮ್ಮನ ಒಂದೇ ಮನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನಲ್ಲಿ ಮುದ್ದೆ ನುಂಗುವುದರಲ್ಲಿ ನನ್ನನ್ನು ಸೋಲಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿನ್ನೂ ತೊಟ್ಟಿಲಲ್ಲಿ ಇದ್ದಾನೆ. ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಹೆದ್ದಾರಿ ಪಕ್ಕದ ಯಾವ ಹೋಟೆಲಿನ ಮುಂದೆ ಬ್ರೇಕ್ ಹಾಕಿದರೂ ಮಾಲೀಕ ಒಳಗೆ ಓಡಿಹೋಗಿ, “ಮುನಿಯಪ್ಪ ಬಂದ, ಇನ್ನೊಂದು ಮೂಟೆ ರಾಗಿ ಬೀಸಿಸ್ರಲೇ” ಎಂದು ಕೂಗುತ್ತಿದ್ದ. ನಾನು ಹಿರಿಯೂರಿನಲ್ಲಿ ತೇಗಿದರೆ ಹೊಳಲ್ಕೆರೆಯ ಜನ ಗುಡುಗು ಅಂದುಕೊಂಡು ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. ಇಷ್ಟು ಯಾಕೆ ಹೇಳಿದೆ ಎಂದರೆ, ನಾನೀಗ ಹೇಳಹೊರಟಿರುವುದು ತಾಳ್ಯದ ಬರಗೇರಮ್ಮನ ಕಥೆ. ಆ ಕಥೆ ತಿರುಗುವುದು ನನ್ನ ಹೊಟ್ಟೆಯ ಸುತ್ತಲೇ.

ಬರಗೇರಮ್ಮ ತಾಳ್ಯದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ಹೆಂಗಸು. ಅವಳು ಹೊಲಿದ ರವಿಕೆ ಹರಿಯುವುದಿಲ್ಲ. ತೊಟ್ಟವರೇ ಮೊದಲು ಸವೆದುಹೋಗಬೇಕು. ಕ್ರೈಸ್ತಳಾಗಿ ಬಹಳ ವರ್ಷವಾಯಿತು, ಹೆಸರು ಮಾತ್ರ ಚಿತ್ರದುರ್ಗದ ದೇವಿಯದೇ. “ಮೇರಿ ಅಂತಲೋ ಮಾರ್ಥ ಅಂತಲೋ ಬದಲಾಯಿಸ್ಕೊಬಾರದೇನಮ್ಮ?” ಎಂದು ಯಾರೋ ಊರಿಗೆ ಬಂದ ಬೋಧಕರು ಕೇಳಿದ್ದಕ್ಕೆ, “ಇಟ್ಟವಳು ನಮ್ಮವ್ವ. ಅವಳನ್ನ ಕೇಳ್ಕಂಡು ಬರ್ರಿ, ಬದ್ಲಾಯಿಸ್ತೀನಿ” ಎಂದಳಂತೆ. ಅವ್ವ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು.

ಗಂಡ ತೀರಿಹೋದ ಹೊಸದರಲ್ಲಿ ಬರಗೇರಮ್ಮ ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಆಗ ಅನುಸೂಯ ಟೀಚರ್ ಎಂಬ ಹೆಂಗಸು ದಿನಾ ಸಂಜೆ ಬಂದು ಸುಮ್ಮನೆ ಪಕ್ಕದಲ್ಲಿ ಕೂತು, ಅವಳ ತಲೆ ಬಾಚಿ, ಜಡೆ ಹಾಕಿ ಹೋಗುತ್ತಿದ್ದಳು. ಸಮಾಧಾನದ ಮಾತಿಲ್ಲ, ಉಪದೇಶವಿಲ್ಲ. ಒಂದು ದಿನ ಬರಗೇರಮ್ಮನೇ ಬಾಯಿ ಬಿಟ್ಟು, “ನೀನು ದಿನಾ ಯಾಕ್ ಬರ್ತೀಯಕ್ಕ?” ಎಂದು ಕೇಳಿದಳು. ಟೀಚರ್ ಅಂದು ಯೇಸುವಿನ ಹೆಸರು ಹೇಳಿದಳು. ಹಾಗೆ ಶುರುವಾದದ್ದು ಟೀಚರ್ ಮನೆಯ ಪಡಸಾಲೆಯಲ್ಲಿ ಭಾನುವಾರದ ಪ್ರಾರ್ಥನೆ. ಬರುವವರು ಹೆಚ್ಚಿನವರು ಮುದುಕಿಯರು. ಅವರು ಹಾಡು ಎತ್ತಿದರೆ ತಾಳ್ಯದ ನಾಯಿಗಳು ಪಕ್ಕದ ಹೋಬಳಿಗೆ ವಲಸೆ ಹೋಗುತ್ತಿದ್ದವು, ಆದರೆ ಆ ಹಾಡಿನಲ್ಲಿ ಇದ್ದ ಸಂತೋಷ ಮಾತ್ರ ಅಪ್ಪಟವಾದದ್ದು.

ಕಳೆದ ವರ್ಷ ಟೀಚರ್ ಮಗಳ ಊರಿಗೆ ಹೊರಟುನಿಂತಳು. ತಾಳ್ಯದ ಸಭೆಗೆ ದಿಕ್ಕಿಲ್ಲದಾಯಿತು. ತರಬೇತಿ ಆದ ನಾಯಕರು ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ಎಲ್ಲರೂ ಹೊಳಲ್ಕೆರೆಯ ಸಭೆಗೇ ಬರಬೇಕು ಎಂದು ಹಿರಿಯರು ತೀರ್ಮಾನಿಸಿದರು. ಬಸ್ ಹತ್ತಿ ಹೊಳಲ್ಕೆರೆಗೆ ಬರುವ ಮಂಡಿ ಆ ಮುದುಕಿಯರಲ್ಲಿ ಒಬ್ಬರಿಗೂ ಇರಲಿಲ್ಲ. “ನಾನು ಕಲಿತು ಬರ್ತೀನಿ. ಅಲ್ಲೀವರೆಗೂ ಯಾರೂ ಸಾಯಬ್ಯಾಡ್ರಿ” ಎಂದು ಅವರಿಗೆ ಹೇಳಿ ಬರಗೇರಮ್ಮ ತರಬೇತಿಗೆ ಸೇರಿದಳು.

ತರಬೇತಿ ಕೊಡುವವರು ದುರ್ಗದ ಮೋನಿಕಾ ಮೇಡಂ. ಪ್ರತಿ ಎರಡನೇ ಶನಿವಾರ ಸ್ಕೂಟರಿನಲ್ಲಿ ಹೊಳಲ್ಕೆರೆಗೆ ಬಂದು, ನಾಲ್ಕು ತಾಲ್ಲೂಕಿನ ಸಭಾನಾಯಕರನ್ನು ಸಭೆಯ ತಗಡಿನ ಹಾಲ್‌ನಲ್ಲಿ ಕೂರಿಸಿ, ಸುವಾರ್ತೆ ಹೇಳುವುದು ಹೇಗೆ, ನಂಬಿದವರನ್ನು ಶಿಷ್ಯರಾಗಿ ಬೆಳೆಸುವುದು ಹೇಗೆ ಎಂದು ಕಲಿಸುವರು. ಪಾಠ ಶುರುಮಾಡಿದರೆ ಮಧ್ಯೆ ಗಾಳಿಯೂ ಅವರ ಅಪ್ಪಣೆ ಕೇಳಿ ಬೀಸಬೇಕು. ಹೃದಯ ಮಾತ್ರ ಬೆಣ್ಣೆ. ನಾನು ಹೊಳಲ್ಕೆರೆ ಸಭೆಯ ಹಿರಿಯನಾದ್ದರಿಂದ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕಣ್ಣುಮುಚ್ಚಿ ಗಮನಿಸುತ್ತಿದ್ದೆ.

ಕೊನೆಯ ಪಾಠ ಊರೊಳಗೆ. ಇಬ್ಬಿಬ್ಬರು ಜೊತೆಯಾಗಿ ಶ್ರೀರಾಂಪುರದ ಸುತ್ತಲ ಹಳ್ಳಿಗಳಿಗೆ ಹೋಗಬೇಕು, ಜೊತೆಯವರನ್ನು ಬಿಟ್ಟು ಒಂಟಿಯಾಗಿ ತಿರುಗಬಾರದು. ಒಂದು ಹಗಲಿನಲ್ಲಿ ಹತ್ತು ಮನೆ, ಅಷ್ಟಾದರೆ ಮಾತ್ರ ತೇರ್ಗಡೆ. ಕರೆದವರ ಮನೆಗೆ ಮಾತ್ರ ಹೋಗುವುದು, ಬೇಡ ಎಂದರೆ ಕೈಮುಗಿದು ಬರುವುದು, ಏನನ್ನೂ ಕೊಡುತ್ತೇವೆ ಎನ್ನಬಾರದು. “ಮತ್ತೆ, ಯಾರು ಏನು ಬಡಿಸಿದರೂ ಉಣ್ಣಬೇಕು” ಎಂದು ಮೇಡಂ ಬೆರಳೆತ್ತಿ ಹೇಳಿದರು. “ಯೇಸು ಸ್ವಾಮಿ ಶಿಷ್ಯರನ್ನ ಕಳಿಸುವಾಗ ಹೇಳಿದ ಮಾತು ಅದು. ಬೇಡ ಅಂದ್ರೆ ಮನೆಯವರಿಗೆ ನೋವಾಗುತ್ತೆ.”

ಬರಗೇರಮ್ಮನಿಗೆ ಜೊತೆ ಸಿಗಲಿಲ್ಲ. ಉಣ್ಣುವ ಕೆಲಸ ಎಂದು ಕೇಳಿದ್ದೇ ನಾನು ಎದ್ದು ನಿಂತೆ. “ನನ್ನ ಹಾಕ್ರಿ ಮೇಡಂ. ಹತ್ತಲ್ಲ, ಇಪ್ಪತ್ತು ಮನೆ ಮುಗಿಸ್ತೀನಿ.”

ಈಗ ನಮ್ಮ ಸೀಮೆಯ ಹಳ್ಳಿಗಳ ವಿಷಯ ಹೇಳಬೇಕು. ಇಲ್ಲಿ ಹೊಸ್ತಿಲು ದಾಟಿದವರಿಗೆ ಮೊದಲು ತಟ್ಟೆ, ಆಮೇಲೆ “ಯಾವೂರು?” ಎಂಬ ಪ್ರಶ್ನೆ. ಮುದ್ದೆ ನುಂಗುವಾಗ ಮಾತಾಡುವ ಹಾಗಿಲ್ಲ, ಆಡಿದರೆ ಗಂಟಲಿಗೆ ಸಿಕ್ಕುತ್ತದೆ. ಅಂದರೆ ಹತ್ತು ಮನೆಗೆ ಸುವಾರ್ತೆ ಹೇಳಬೇಕಾದರೆ ಹತ್ತು ಮುದ್ದೆ ಇಳಿಯಬೇಕು. ದುರ್ಗದ ಪೇಟೆಯಲ್ಲಿ ಚಪಾತಿ ತಿಂದು ಬೆಳೆದ ಮೇಡಂಗೆ ಈ ಲೆಕ್ಕ ಹೊಳೆದಿರಲಿಲ್ಲ. ನಮಗೆ ಹೊಳೆದಿತ್ತು, ಆದರೆ ಊಟದ ವಿಷಯದಲ್ಲಿ ತಕರಾರು ಎತ್ತುವವರು ನಮ್ಮಲ್ಲಿ ಯಾರಿದ್ದಾರೆ?

ಮೊದಲ ಮನೆಯಲ್ಲಿ ಹುರುಳಿ ಸಾರು. ಎರಡನೆಯದರಲ್ಲಿ ಬಸ್ಸಾರು. ಎರಡು ಕಡೆಯೂ ನಾವು ಉಂಡು ಕೈ ತೊಳೆಯುವಷ್ಟರಲ್ಲಿ ಮನೆಯವರು ಹೊಲಕ್ಕೆ ಹೊರಟುನಿಂತರು. ಬರಗೇರಮ್ಮ ಹೇಳಬೇಕೆಂದಿದ್ದ ಮಾತು ಅವಳ ಬಾಯಲ್ಲೇ ಉಳಿಯಿತು.

ಮೂರನೆಯದು ಕುರಿ ಸಾಕುವ ಕಾಳಕ್ಕನ ಮನೆ. ಅಂದು ಅವರಲ್ಲಿ ಕುರಿ ಉಣ್ಣೆ ಕತ್ತರಿಸುವ ಕೆಲಸ, ಕೆಲಸದವರಿಗೆಂದು ಕೋಳಿ ಸಾರು. “ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಕಾಳಕ್ಕ ಮುದ್ದೆ ಇಟ್ಟಳು. ಅದು ಮುದ್ದೆಯಲ್ಲ. ದುರ್ಗದ ಬೆಟ್ಟದಿಂದ ಒಂದು ಗುಂಡು ಉರುಳಿ ನನ್ನ ತಟ್ಟೆಗೆ ಬಂದು ಕೂತಿತ್ತು. ಇಟ್ಟ ಏಟಿಗೆ ತಟ್ಟೆ ನೆಲದೊಳಕ್ಕೆ ಒಂದು ಗೇಣು ಇಳಿಯಿತು. ನಾನು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಶಾಸ್ತ್ರೋಕ್ತವಾಗಿ ಕಳಚಿ ಗೋಡೆಯ ಗೂಡಿನಲ್ಲಿಟ್ಟೆ. ಮುದ್ದೆಗೆ ಹಲ್ಲು ಅಡ್ಡ. ನುಂಗಿದೆ. ಎದ್ದೇಳುವಷ್ಟರಲ್ಲಿ ಕಾಳಕ್ಕ, “ಅಯ್ಯೋ, ಇಷ್ಟೇನಾ ಉಣ್ಣೋದು?” ಎಂದು ಇನ್ನೊಂದು ಇಟ್ಟಳು. ಅದನ್ನೂ ನುಂಗಿದೆ.

ಆಮೇಲೆ ಆಕಾಶ ನನ್ನ ಹತ್ತಿರ ಬಂತು. ಕಣ್ಣುಬಿಟ್ಟಾಗ ನಾನು ಅಂಗಳದ ಬೇವಿನ ಮರದಡಿ ಅಂಗಾತ ಬಿದ್ದಿದ್ದೆ, ನನ್ನ ಹೊಟ್ಟೆಯ ನೆರಳಿನಲ್ಲಿ ಎರಡು ಟಗರು ಮಲಗಿ ಮೆಲುಕು ಹಾಕುತ್ತಿದ್ದವು.

“ಮುನಿಯಣ್ಣ, ಏಳಣ್ಣ! ಇನ್ನೂ ಏಳು ಮನೆ ಐತೆ” ಎಂದು ಬರಗೇರಮ್ಮ ನನ್ನ ಭುಜ ಅಲ್ಲಾಡಿಸಿದಳು.

“ನನ್ನನ್ನ ಇಲ್ಲೇ ಹೂತುಬಿಡಮ್ಮ” ಎಂದೆ. “ಮೇಲೆ ಕಲ್ಲು ಬ್ಯಾಡ. ಒಳಗೇ ಐತೆ.”

ಅವಳ ಮುಖ ಬಾಡಿತು. ತಾಳ್ಯದ ಮುದುಕಿಯರು ಅವಳ ಕಣ್ಣ ಮುಂದೆ ಬಂದಿರಬೇಕು. ಆದರೆ ನನ್ನನ್ನು ಬಿಟ್ಟು ಹೋಗುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಕಾಳಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕತ್ತರಿಸಿದ ಉಣ್ಣೆಯಿಂದ ಮುಳ್ಳು ಬಿಡಿಸತೊಡಗಿದಳು. ಕೈ ಜೊತೆಗೆ ಕಾಳಕ್ಕನ ಬಾಯಿಯೂ ಬಿಚ್ಚಿತು. ಸೊಸೆ ಅಂಜಲಿ ಹಿರಿಯೂರಿನ ತವರಿಗೆ ಹೋಗಿ ಕೂತಿದ್ದಾಳೆ. ಸಾರಿನ ಉಪ್ಪಿನ ವಿಷಯಕ್ಕೆ ತಾನೇನೋ ಅಂದಳಂತೆ, ಅವಳೇನೋ ಅಂದಳಂತೆ. ಈಗ ಮಗ ಇಬ್ಬರ ಜೊತೆಗೂ ಮಾತಾಡುತ್ತಿಲ್ಲ.

ಅಷ್ಟು ಹೊತ್ತಿಗೆ ನನಗೆ ಜೀವ ಬಂದಿತ್ತು. ಬಿಸಿಲು ಇನ್ನೂ ಇತ್ತು. “ಹೋಗಾಣ ಬಾರಮ್ಮ. ಓಡಿದ್ರೆ ಇನ್ನೊಂದೈದು ಮನೆ ಆಗುತ್ತೆ” ಎಂದೆ.

ಬರಗೇರಮ್ಮ ರಸ್ತೆಯ ಕಡೆ ನೋಡಿದಳು, ಕಾಳಕ್ಕನ ಕಡೆ ನೋಡಿದಳು. ಕಾಳಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ನೀನು ಮಲಕ್ಕೊ ಅಣ್ಣ” ಎಂದಳು ಬರಗೇರಮ್ಮ ನನಗೆ.

ಆಮೇಲೆ ಅವಳು ತನ್ನ ಗಂಡ ಹೋದದ್ದು, ಟೀಚರ್ ಬಂದು ತಲೆ ಬಾಚಿದ್ದು ಹೇಳಿದಳು. ಯೇಸು ಸ್ವಾಮಿ ಹೇಳಿದ ಕಥೆಯೊಂದನ್ನು ಹೇಳಿದಳು. ಅಪ್ಪನ ಆಸ್ತಿಯ ಪಾಲು ಕಿತ್ತುಕೊಂಡು ಹೋದ ಮಗ ಎಲ್ಲ ಹಾಳುಮಾಡಿಕೊಂಡು ವಾಪಸ್ ಬರುತ್ತಾನೆ. ಅವನು ದೂರದಲ್ಲಿರುವಾಗಲೇ ಅಪ್ಪ ಎದ್ದು ಓಡಿಹೋಗಿ ತಬ್ಬಿಕೊಳ್ಳುತ್ತಾನೆ.

ಕಾಳಕ್ಕನ ಕೈ ನಿಂತಿತು. “ತಪ್ಪು ಯಾರ್ದು?”

“ಮಗಂದೇ.”

“ಓಡಿದ್ದು?”

“ಅಪ್ಪ.”

“ಆ ವಯಸ್ನಾಗೆ? ಮಂಡಿ ನೋವಿರ್ಲಿಲ್ವಾ ಅವ್ನಿಗೆ?”

“ಇತ್ತೇನೋ. ಆದ್ರೂ ಓಡಿದ. ನಮ್ಮ ದೇವ್ರು ಹಂಗೇ ಕಾಳಕ್ಕ. ನಾವು ಬರ್ತೀವಾ ಅಂತ ದಾರಿ ನೋಡ್ಕಂಡು ಕುಂತಿರ್ತಾನೆ. ಕಂಡ ತಕ್ಷಣ ಓಡಿ ಬರ್ತಾನೆ.”

ಕಾಳಕ್ಕ ಕೈಯಲ್ಲಿದ್ದ ಉಣ್ಣೆ ಕೆಳಗಿಟ್ಟಳು. ಆಮೇಲೆ ಉಣ್ಣೆಯ ರಾಶಿಯ ಕೆಳಗಿಂದ ಮೊಬೈಲ್ ಹುಡುಕಿ ತೆಗೆದು, “ನಂಬರ್ ಒತ್ತು. ನಂಗೆ ಕಣ್ಣು ಕಾಣಲ್ಲ” ಎಂದಳು. ಕಣ್ಣು ಚೆನ್ನಾಗೇ ಕಾಣುತ್ತಿತ್ತು. ಅಷ್ಟು ಹೊತ್ತೂ ಉಣ್ಣೆಯ ಸಣ್ಣ ಮುಳ್ಳು ಹೆಕ್ಕುತ್ತಿದ್ದವಳು ಅವಳೇ. ಆ ಕಡೆಯಿಂದ ಬಂದ ದನಿ ಮರದಡಿಯ ನನಗೂ ಕೇಳಿತು: “ಅತ್ತೇ! ಇಷ್ಟು ದಿನ ಬೇಕಾಯ್ತಾ ಒಂದ್ ಫೋನ್ ಮಾಡಾಕೆ? ನಾಳೆ ಭಾನುವಾರ ಬರ್ತೀನಿ, ಸಾರಿಗೆ ಉಪ್ಪು ನಾನೇ ಹಾಕ್ತೀನಿ.” ಕಾಳಕ್ಕ ಒಂದೇ ಉಸಿರಿಗೆ ಅತ್ತಳು, ನಕ್ಕಳು, ಟಗರಿಗೆ ಬೈದಳು. ಬರಗೇರಮ್ಮ ಅವಳ ಕೈ ಹಿಡಿದು ನಾಲ್ಕು ಮಾತಿನ ಪ್ರಾರ್ಥನೆ ಮಾಡಿದಳು. “ನಮ್ಮ ದೇವ್ರು ನಮಗೈತೆ ಕಣಮ್ಮ” ಎಂದಳು ಕಾಳಕ್ಕ, “ಆದ್ರೆ ನಿಮ್ಮೋನು ಓಡಿ ಬರೋದು ನಂಗೆ ಸೇರ್ತು. ಇನ್ನೂ ಏನೇನು ಮಾಡಿದ್ನೋ ಬಂದು ಹೇಳು.”

ಸಂಜೆ ಶ್ರೀರಾಂಪುರದ ವಿಶ್ವಾಸಿಯೊಬ್ಬರ ಅಂಗಳದಲ್ಲಿ ಎಲ್ಲರೂ ಸೇರಿದೆವು. ಹಿರಿಯೂರಿನ ಓಬಳೇಶನೂ ಅವನ ಜೊತೆಗಾರ ಮಲ್ಲೇಶನೂ ಹನ್ನೆರಡು ಮನೆ ಮುಗಿಸಿದ್ದರು. ಪ್ರತಿ ಮನೆಯಲ್ಲೂ ಕಾಲು ಮುದ್ದೆ ಕೇಳಿ ಪಡೆದು, ನಿಂತೇ ನುಂಗಿ, ನಿಂತೇ ಬೋಧಿಸಿ ಓಡಿದ್ದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

“ತಾಳ್ಯ? ಎಷ್ಟು ಮನೆ ಬರಗೇರಮ್ಮ?” ಎಂದರು ಮೇಡಂ.

“ಹೋಗಿದ್ದು ಮೂರು ಮೇಡಂ. ಇದ್ದಿದ್ದು ಒಂದು.”

ಮೇಡಂ ಕನ್ನಡಕ ತೆಗೆದರು. “ನನಗೂ ಬೇಜಾರೇ. ಆದರೆ ಎಲ್ಲರಿಗೂ ಒಂದೇ ನಿಯಮ ಅಲ್ವಾ? ಮುಂದಿನ ತಂಡದಲ್ಲಿ ಮತ್ತೆ ಬನ್ನಿ. ಅಲ್ಲಿವರೆಗೆ ತಾಳ್ಯದವರು ಹೊಳಲ್ಕೆರೆಗೆ ಬರಲಿ.”

ನಾನು ಅವಳ ಪರವಾಗಿ ಗುಡುಗಬೇಕೆಂದು ಎದ್ದೆ. ಬಾಯಿಂದ ಬಂದದ್ದು ಬರೀ ಗಾಳಿ. ಆಗಲೇ ಗೇಟಿನ ಹತ್ತಿರ ಒಂದು ದನಿ: “ಈ ಹಲ್ಲು ಯಾರ್ದ್ರಪ್ಪ?”

ಕಾಳಕ್ಕ! ಕುರಿ ಸಾಗಿಸುವ ಆಟೋ ಹತ್ತಿ ಬಂದಿದ್ದಳು. ಬಾಳೆ ಎಲೆಯ ಮೇಲೆ ನನ್ನ ಸೆಟ್ಟು ನಗುತ್ತಿತ್ತು. ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡಿದರು. ನಾನೊಬ್ಬನೇ ತುಟಿ ಬಿಗಿಹಿಡಿದು ನಿಂತಿದ್ದರಿಂದ ಕಳ್ಳ ಸಿಕ್ಕಿಬಿದ್ದ. ಆ ನಗು ಹೊಸದುರ್ಗದವರೆಗೂ ಕೇಳಿಸಿತು.

ಕಾಳಕ್ಕ ಮೇಡಂ ಕಡೆ ತಿರುಗಿದಳು. “ಇವ್ಳನ್ನ ಕಳ್ಸಿದ್ದು ನೀವೇನಾ? ನಾಳೆ ನನ್ನ ಸೊಸೆ ಬರ್ತಾಳೆ. ಮುಂದಿನ ವಾರ ಇವ್ಳನ್ನ ಇನ್ನೊಂದ್ಸಲ ಕಳಿಸ್ರಿ, ಆ ಓಡಿದ ಅಪ್ಪನ ಕಥೆ ಅವ್ಳೂ ಕೇಳ್ಲಿ.” ಆಮೇಲೆ ಓಬಳೇಶನನ್ನು ನೋಡಿ, “ಇವ್ನೂ ನಮ್ಮ ಪಕ್ಕದ ಮನೆಗೆ ಬಂದಿದ್ದ. ಪಾಪ, ಎಲ್ಲಿ ಬಸ್ ತಪ್ತದೋ ಅಂತ ಓಡ್ತಿದ್ದ. ಬಸ್ ಸಿಕ್ತೇನಪ್ಪ?” ಎಂದಳು. ಓಬಳೇಶನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆಗ ಬರಗೇರಮ್ಮ ಎದ್ದಳು. “ಮೇಡಂ, ಬಡಿಸಿದ್ದನ್ನ ಉಣ್ರಿ ಅಂದೋರು ಯಾರು?”

“ಸ್ವಾಮಿಯೇ.”

“ಅದೇ ಉಸ್ರಿನಾಗೆ, ಮನೆ ಮನೆ ತಿರುಗಬ್ಯಾಡ್ರಿ, ಹೊಕ್ಕ ಮನ್ಯಾಗೇ ಇರ್ರಿ ಅಂತಾನೂ ಅಂದೋರು ಅವ್ರೇ ಅಲ್ವಾ? ನೀವೇ ಓದಿಸಿದ್ದು. ನಂಗೂ ಈಗಲೇ ನೆಪ್ಪಾಗಿದ್ದು, ಹೊಕ್ಕ ಮನ್ಯಾಗೇ ಉಳ್ಕಂಡಿದ್ದ ಈ ಹಲ್ಲು ನೋಡಿದ ಮ್ಯಾಲೆ.”

ಮೇಡಂ ಸುವಾರ್ತೆಯ ಪುಸ್ತಕ ತೆರೆದು ಓದಿಕೊಂಡರು. ಇನ್ನೊಂದು ಸಲ ಓದಿಕೊಂಡರು. ಆಮೇಲೆ ಪುಸ್ತಕವನ್ನು ಎದೆಗೊತ್ತಿಕೊಂಡು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. “ಇಷ್ಟು ವರ್ಷದಿಂದ ಕಲಿಸ್ತಿದ್ದೀನಿ. ಓಬಳೇಶ ಮುದ್ದೆ ನುಂಗಿದ ಹಾಗೆ ನಾನೂ ಕಾಲು ಭಾಗ ನುಂಗಿ ಓಡಿದ್ದೀನಲ್ಲ! ಬರಗೇರಮ್ಮ, ನಾಳೆಯಿಂದ ತಾಳ್ಯ ನಿಮ್ಮದು.”

ಮಾರನೆಯ ದಿನ ತಾಳ್ಯದ ಪಡಸಾಲೆಯಲ್ಲಿ ಮುದುಕಿಯರು ಎತ್ತಿದ ಹಾಡಿಗೆ ಹಂಚುಗಳು ಜಾಗ ಬದಲಾಯಿಸಿದವು. ಮುಂದಿನ ತಂಡದಿಂದ ಕೊನೆಯ ಪಾಠವೂ ಬದಲಾಯಿತು. ಇಬ್ಬಿಬ್ಬರಿಗೆ ಒಂದೇ ಮನೆ, ಆಮೇಲೆ ವಾರ ವಾರ ಅದೇ ಮನೆ. ಕಲಿಸುವುದಕ್ಕೆ ಮೇಡಂ ಪಕ್ಕದಲ್ಲಿ ಈಗ ಬರಗೇರಮ್ಮನೂ ನಿಲ್ಲುತ್ತಾಳೆ. ಕಾಳಕ್ಕನ ಮನೆಗೆ ಅವಳು ತಪ್ಪದೆ ಹೋಗುತ್ತಾಳೆ. ಸೊಸೆ ಉಪ್ಪು ಹಾಕುತ್ತಾಳೆ, ಅತ್ತೆ ಕಥೆ ಕೇಳುತ್ತಾಳೆ.

ಪ್ರತಿ ತಂಡಕ್ಕೂ ಬರಗೇರಮ್ಮ ನನಗೆ ಫೋನ್ ಮಾಡಿ ಕರೆಸುತ್ತಾಳೆ. ಮೊನ್ನೆ ಹೊಳಲ್ಕೆರೆಯ ಹಾಲ್‌ನಲ್ಲಿ, ಹೊಸಬರೆಲ್ಲರ ಎದುರು, ನಾನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೇಳಿದೆ: “ನೋಡ್ರಪ್ಪ, ಅವತ್ತು ನಾನು ಬೀಳದೇ ಇದ್ದಿದ್ರೆ ಇವಳು ಇವತ್ತಿಗೂ ಮನೆ ಎಣಿಸ್ತಿದ್ದಳು. ನನ್ನಿಂದ ಈ ತರಬೇತಿಗೆ ಎಷ್ಟು ಉಪಕಾರ ಆಗೈತೆ ಅಂತ ಅವಳನ್ನೇ ಕೇಳ್ರಿ. ಸುಮ್‌ಸುಮ್ನೆ ಕರೆಸ್ತಾಳಾ ನನ್ನ?”

“ಖಂಡಿತ ಅಣ್ಣ” ಎಂದಳು ಬರಗೇರಮ್ಮ. “ಕಲಿಸಾಕೆ ನಾವಿದ್ದೀವಿ. ನಿನ್ನ ಕರೆಸೋದು ಬೀಳಾಕೆ.”