ಎಡಗಣ್ಣಿನೊಳಗೊಂದು ಗುಡ್ಡ

"ಈ ಕಿಟಕಿ ಸರಳು ಯಾರ ಬಗ್ಗಿಸ್ಯಾರ?"

ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ನಮ್ಮ ಮನೆಯವರು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಕೇಳಿದ ಪ್ರಶ್ನೆ ಇದು. ನಾನು ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಿದೆ. ಸರಳುಗಳು ನೆಟ್ಟಗೇ ಇದ್ದವು. ಮಸ್ಕಿಯಲ್ಲಿ ಈ ಮನೆ ಕಟ್ಟಿಸಿದಾಗ ಹೇಗಿದ್ದವೋ ಹಾಗೇ.

"ಯಾರೂ ಬಗ್ಗಿಸಿಲ್ರಿ. ಚಾ ಆರತೈತಿ, ಕುಡೀರಿ."

"ಏ ಗಿರಿಜಾ, ನಾ ಏನ್ ಸುಳ್ಳ ಹೇಳಾಕತ್ತೀನೇನು? ನಡುವಿನ ಸರಳು ಹಾವಿನಂಗ ಹೊಂಟೈತಿ ನೋಡು."

ಹಿಂದಿನ ದಿನ ಅವರ ಬಲಗಣ್ಣಿಗೆ ಭತ್ತದ ದೂಳು ಬಿದ್ದು ಕೆಂಪಾಗಿತ್ತು. ಅದರ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದರು. ಅಂದರೆ ಕಿಟಕಿ ನೋಡುತ್ತಿದ್ದುದು ಎಡಗಣ್ಣು ಒಂದೇ. ಬಟ್ಟೆ ತೆಗೆಸಿದೆ. ಸರಳು ನೆಟ್ಟಗಾದವು. ಮತ್ತೆ ಮುಚ್ಚಿಸಿದೆ. ಮತ್ತೆ ಬಗ್ಗಿದವು. ಹಂಚಿನ ಮೇಲಿನ ರೊಟ್ಟಿ ಕರ್ರಗಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮವರು ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ಅವರು ಸಿಂಧನೂರಿನಲ್ಲಿ ಭತ್ತದ ದಲಾಲಿ. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಾರೆ. ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಹೊಟ್ಟು ಊದಿ, ಕಾಳನ್ನು ಕಣ್ಣ ಹತ್ತಿರ ತಂದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತಾರೆ. ಆಮೇಲೇ ರೇಟು. "ಶೇಖ್ರಣ್ಣ ಕಣ್ಣ ಹೊಡದ್ರ ಹೆದರೋರು ರೈತರು ಅಷ್ಟ" ಎಂದು ಬಜಾರಿನಲ್ಲಿ ನಗುತ್ತಾರೆ.

ಎಡವಟ್ಟಾದದ್ದು ಅಲ್ಲಿಯೇ. ಇತ್ತೀಚೆಗೆ ಅವರು ಪೇಪರ್ ಓದುವಾಗಲೂ ಎಡಗಣ್ಣು ಮುಚ್ಚುತ್ತಿದ್ದರು. ಟೀವಿ ನೋಡುವಾಗಲೂ. ಮೊಬೈಲ್ ಹಿಡಿದಾಗಲೂ. "ಟೀವಿಯೊಳಗ ಏನ್ ಭತ್ತ ಸುರುವ್ಯಾರೇನ್ರಿ?" ಎಂದು ನಾನು ಕಾಡಿಸುತ್ತಿದ್ದೆ. ಅವರೂ ನಗುತ್ತಿದ್ದರು. ಬೇರೆ ಯಾರ ಮನೆಯಲ್ಲಾದರೂ "ಕಣ್ಣಿಗೇನಾಯ್ತು" ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಅದು ಕಸುಬಿನ ಚಾಳಿ ಎಂದಾಯಿತು. ಸರಿಯಾಗಿ ಕಾಣದ ಕಣ್ಣನ್ನು ಅವರ ರೆಪ್ಪೆಯೇ ಮರೆಮಾಡುತ್ತ ಬಂದಿತ್ತು. (ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಹೇಗೆ ತಿಳಿಯಬೇಕು?)

ಶುಗರ್ ಬಂದು ಬಹಳ ವರ್ಷವಾಗಿದೆ. ಗುಳಿಗೆ ತಪ್ಪಿಸುವುದಿಲ್ಲ. ಆದರೆ ಕಣ್ಣೆಂದರೆ ಅವರಿಗೆ ಚಾಳೀಸಿನ ಅಂಗಡಿ ಅಷ್ಟೇ. ಮಸುಕಾದರೆ ಗಾಜು ಬದಲಿಸು, ಮುಗಿಯಿತು.

ಅಂದು ಬಜಾರ್ ಬಿಡಿಸಿ ಲಿಂಗಸುಗೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹನಿ ಹಾಕಿ ಕೂರಿಸಿದರು. ಮೊದಲು ಕಣ್ಣಿನ ಹಿಂಬದಿಯ ಫೋಟೋ. ಪರದೆಯ ಮೇಲೆ ಮುಳುಗುವ ಸೂರ್ಯನಂಥ ಕೆಂಪು ದುಂಡು, ಅದರ ತುಂಬ ಬೇರು ಹರಡಿದ ಹಾಗೆ ರಕ್ತನಾಳ. ನಲವತ್ತು ವರ್ಷ ದಾಟಿದ ಸಂಸಾರದಲ್ಲಿ ಈ ಮನುಷ್ಯನ ಒಳಗು ನನಗೆ ಪೂರಾ ಗೊತ್ತು ಅಂದುಕೊಂಡಿದ್ದೆ. ಇದನ್ನು ನೋಡಿರಲಿಲ್ಲ!

ಆಮೇಲೆ ಇನ್ನೊಂದು ಯಂತ್ರ. ಓಸಿಟಿ ಅನ್ನುತ್ತಾರೆ. ಯಂತ್ರ ನಡೆಸುವ ಶಬಾನಾ ನಮ್ಮ ಕಡೆಯ ಹುಡುಗಿ. "ಕಾಕಾ, ಗದ್ದ ಇಲ್ಲಿ ಇಡ್ರಿ. ಹಸರ ಗುರುತು ನೋಡ್ರಿ. ಎರಡೂ ಕಣ್ಣ ತೆರದಿಡ್ರಿ, ಇಲ್ಲೇನು ಭತ್ತ ಇಲ್ಲ" ಎಂದಳು. (ಅವಳಿಗೆ ಹೇಳಿದ್ದು ನಾನೇ.) ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಬರೀ ಬೆಳಕು ಹಾಯಿಸಿ ಕಣ್ಣಿನ ಪರದೆಯನ್ನು ಪದರ ಪದರವಾಗಿ ತೋರಿಸುತ್ತದೆ. ನನಗೆ ತಿಳಿದ ಹಾಗೆ ಹೇಳುವುದಾದರೆ, ಬದನೆಕಾಯಿ ಹೆಚ್ಚದೆಯೇ ಒಳಗಿನ ಹುಳು ನೋಡಿದ ಹಾಗೆ.

ಹುಳು ಇತ್ತು.

"ಶುಗರಿನಿಂದ ಪರದೆಯ ನಟ್ಟನಡುವ ನೀರು ತುಂಬೈತ್ರಿ" ಎಂದರು ಡಾಕ್ಟರ್ ಮೇಡಂ. "ಅದು ಉಬ್ಬಿದ್ದಕ್ಕ ನಿಮಗ ಸರಳು ಸೊಟ್ಟ ಕಂಡಾವ. ತಡ ಮಾಡೋದು ಬ್ಯಾಡ. ಇಂಜೆಕ್ಷನ್ ಕೊಡಬೇಕು."

"ಕೊಡ್ರಿ. ರಟ್ಟೆಗೇನು?"

"ಕಣ್ಣಿಗೆ."

ನಮ್ಮವರು ಎದ್ದು ನಿಂತರು. "ನಡಿ ಗಿರಿಜಾ. ಬಸ್ ತಪ್ಪತೈತಿ."

"ಕೂಡ್ರಿ ಸುಮ್ನ!"

"ನನ್ನ ದಂಧೆಕ್ಕ ಒಂದ ಕಣ್ಣ ಸಾಕ್ರಿ ಮೇಡಂ. ಈ ಎಡದ್ದು ಹೆಂಗೂ ಮುಚ್ಚೇ ಇರ್ತೈತಿ. ಮುಚ್ಚೋ ಕಣ್ಣಿಗೆ ಸೂಜಿ ಯಾಕ?"

ಮೇಡಂ ಸಿಟ್ಟಾಗಲಿಲ್ಲ. ಬಿಟ್ಟರೆ ಆ ಕಣ್ಣಿನ ದೃಷ್ಟಿ ಹೋಗಬಹುದು, ಹೋದದ್ದು ಪೂರ್ತಿ ವಾಪಸ್ ಬರುತ್ತದೆಂದು ಹೇಳಲಾಗದು, ನಂಬಿಕೊಂಡಿರುವ ಬಲಗಣ್ಣಿನ ಫೋಟೋದಲ್ಲೂ ಸಣ್ಣ ಚುಕ್ಕಿಗಳು ಶುರುವಾಗಿವೆ ಎಂದು ತಿಳಿಸಿ ಹೇಳಿದರು. ಬಲಗಣ್ಣಿನ ಸ್ಕ್ಯಾನನ್ನು ಪಕ್ಕದಲ್ಲಿಟ್ಟು, "ಎಷ್ಟು ಫರಕ್ ಐತಿ ನೋಡ್ರಿ" ಎಂದರು.

ಆಗ ಬಂತು ನೋಡಿ ಬಜಾರಿನ ಬುದ್ಧಿ.

"ಎರಡೂ ಒಂದ ಚೀಲದ ಮಾಲ್ ಆತಲ್ರಿ! ಈಗ ನೀವ ಅಂದ್ರಿ, ಬಲದ್ರಾಗೂ ಚುಕ್ಕಿ ಅದಾವಂತ. ಒಂದ ಚೀಲದ ಎರಡು ಹಿಡಿ ಇಟ್ಟು ಯಾವನರ ರೇಟ್ ಕಟ್ಟತಾನೇನು? ಬ್ಯಾರೆ ಚೀಲದ್ದು ತೋರಸ್ರಿ."

"ಬ್ಯಾರೆ ಪೇಶಂಟ್‌ದು ನಿಮಗ ತೋರಸಾಕ ಬರಂಗಿಲ್ರಿ."

ನಮ್ಮವರು ನನ್ನ ಕಡೆ ಬೆರಳು ಮಾಡಿದರು. "ಹಂಗಾರ ಇಕಿದು ತಗೀರಿ."

ಶಬಾನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೇಡಮ್ಮೂ ನಕ್ಕು ಹೂಂ ಅಂದರು. ನಾನು ಹೋಗಿ ಗದ್ದ ಇಟ್ಟೆ. ನನ್ನೊಳಗೂ ಏನಾದರೂ ಇದ್ದರೆ? ಅದಕ್ಕಿಂತ ಹೆಚ್ಚಾಗಿ, ಎರಡೂ ಒಂದೇ ತರಹ ಕಂಡರೆ ಈ ಮನುಷ್ಯ ಸೀದಾ ಬಸ್ ಸ್ಟ್ಯಾಂಡಿಗೆ ನಡೆಯುತ್ತಾನಲ್ಲ?

ಎರಡು ಚಿತ್ರಗಳು ಪರದೆಯ ಮೇಲೆ ಒಟ್ಟಿಗೆ ಬಂದವು. ಮೇಲೆ ನನ್ನದು, ಕೆಳಗೆ ಅವರದು. ಹನಿ ಹಾಕಿದ ಕಣ್ಣಿಗೆ ಮಂಜು ಕವಿದಿದ್ದರೂ ಅವರು ಕುರ್ಚಿ ಹಿಂದೆ ಮುಂದೆ ಸರಿಸಿ ನೋಡಿದರು. ಕಾಳು ನೋಡುವಾಗಲೂ ಹೀಗೆಯೇ. ನಡುವೆ ಯಾರೂ ಮಾತಾಡಬಾರದು.

"ನಿಂದ್ರಾಗ ನಡುವ ಸಣ್ಣ ತಗ್ಗ ಐತಿ."

"ಹಂಗ ಇರಬೇಕಂತ್ರಿ."

"ನಂದ್ರಾಗ ಗುಡ್ಡ ಎದ್ದೈತಿ."

"ಹೂಂ."

"ಹಸಿ ಮಾಲು" ಎಂದರು ಮೆಲ್ಲಗೆ. ತಮ್ಮ ಭತ್ತವನ್ನು ತಾವೇ ಬೇಡವೆಂದ ಹಾಗಿತ್ತು ಆ ದನಿ. ಆಮೇಲೆ ಮೇಡಂ ಕಡೆ ತಿರುಗಿ, "ಒಣಗಸ್ರಿ" ಎಂದರು.

ಅಷ್ಟೇ. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಬೇಕಾದ ತಪಾಸಣೆ ಮುಗಿಸಿ, ಇಂಜೆಕ್ಷನ್ನಿಗೆ ಕರೆದ ದಿನ ನಾನು ಹೊರಗೆ ಕೂತು ಜಪ ಮಾಡಿದ್ದೇ ಮಾಡಿದ್ದು. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು, "ಇರುವಿ ಕಡದಂಗ ಆತು. ಇಷ್ಟಕ್ಕ ಮುಖ ಯಾಕ ಸಣ್ಣ ಮಾಡ್ಕೊಂಡಿ?" ಎಂದು ನನ್ನನ್ನೇ ಬೈದರು! ಎದ್ದು ನಿಂತು ಬಸ್ಸಿಗೆ ಹೊರಟವರು ಯಾರೋ ಬೇರೆ ಎಂಬಂತೆ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಆ ಬಲಗಣ್ಣು. ಪಾಪ, ಪಕ್ಕದವನು ಸೋತದ್ದನ್ನು ಯಾರಿಗೂ ಹೇಳದೆ ಅವನ ಕೆಲಸವನ್ನೂ ತಾನೇ ಮಾಡುತ್ತ ಬಂತು. ಎಷ್ಟು ಸಂಸಾರಗಳು ಹೀಗೆ ನಡೆಯುತ್ತಿಲ್ಲ? ಒಬ್ಬರು ತೂಗಿಸುತ್ತಾರೆ, ಮನೆ ನೆಟ್ಟಗೆ ಕಾಣುತ್ತದೆ. ಒಮ್ಮೆ ಒಂದನ್ನು ಮುಚ್ಚಿ ನೋಡಿದಾಗಲೇ ಇನ್ನೊಂದರ ಕಷ್ಟ ತಿಳಿಯುವುದು. ನಿಮ್ಮ ಮನೆಯಲ್ಲಿ ಶುಗರ್ ಇದ್ದವರಿದ್ದರೆ ಇವತ್ತೇ ಒಂದೊಂದು ಕಣ್ಣು ಮುಚ್ಚಿಸಿ ಬಾಗಿಲು, ಕಿಟಕಿ ನೋಡಲು ಹೇಳಿ. ಎಲ್ಲ ನೆಟ್ಟಗೆ ಕಂಡರೂ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಚಾಳೀಸಿನ ಅಂಗಡಿ ಸಾಲದು.

ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಗುಡ್ಡ ಈಗ ದಿಬ್ಬವಾಗಿದೆ. ಇನ್ನೂ ಕೆಲವು ಇಂಜೆಕ್ಷನ್ ಬೇಕು. ಎಷ್ಟು ದೃಷ್ಟಿ ಮರಳುತ್ತದೋ ಮೇಡಂ ಮಾತು ಕೊಟ್ಟಿಲ್ಲ. ನಮ್ಮವರು ಮಾತ್ರ ದಿನಾ ಬೆಳಿಗ್ಗೆ ಚಾ ಕುಡಿಯುವ ಮೊದಲು ಬಲಗಣ್ಣಿಗೆ ಅಂಗೈ ಮುಚ್ಚಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ನಡೆಸುತ್ತಾರೆ.

ಇವತ್ತಿನ ವರದಿ: "ಕಿವ್ಯಾಗಿನ ಓಲಿ ಕಾಣತಾವ. ತುರುಬಿನ ಹೂವು ಕಾಣತೈತಿ. ನಡುವ ಮುಖ ಒಂದು ಇನ್ನೂ ಬರಬೇಕು ನೋಡು."

"ಬರಲಿ ಬಿಡ್ರಿ ನಿಧಾನಕ್ಕ" ಎಂದೆ. "ನನ್ನ ಮುಖ ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗತೈತಿ?"