ಎಡಗೈಯಲ್ಲಿ ಹೊಸೆದ ತಂತಿ

ದೆವ್ವ ಭೂತ ಅಂದವರ ಮುಖದ ಮೇಲೇ ನಗುತ್ತಿದ್ದವನು ನಾನು. ನಮ್ಮ ಬೀದಿಯ ಹೆಂಗಸರು ಅಂಥ ಕಥೆ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂಬ ಸೊಕ್ಕು ವೈರಿಂಗ್ ಕೆಲಸದವರಿಗೆ ಇರುತ್ತದಲ್ಲ, ನನಗೂ ಇತ್ತು. ಈಗ ನಂಬುತ್ತೇನೆ ಅಂತಲೂ ಹೇಳಲಾರೆ, ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ನಮ್ಮದು ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ನೆಲೆನಿಂತ ಕನ್ನಡದ ನೇಕಾರರ ಮನೆ. ಕನ್ನಡ ಬರೆಯಲು ನಾನು ಕಲಿತದ್ದು ತಲೆ ನರೆತ ಮೇಲೆ. ನಡುವೆ ತಮಿಳು ನುಗ್ಗಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದ ಕೊನೆಯ ಮಾತು. ತುಡಿಯಲೂರಿನ ಕಡೆ ಒಂದು ನೂಲಿನ ಮಿಲ್ಲು ಕಂಪ್ಯೂಟರ್ ತರಿಸಿತ್ತು. ಆಫೀಸಿನ ಯಂತ್ರಕ್ಕೂ ಗೋದಾಮಿನ ಯಂತ್ರಕ್ಕೂ ಕೇಬಲ್ ಎಳೆಯುವ ಕೆಲಸ ನನ್ನದು. ಶೆಡ್ಡಿನ ತೊಲೆಗಳ ಮೇಲೆ, ನಡುವೆ ಎಲ್ಲೂ ಜೋಡಿಸದೆ, ಒಂದೇ ಉದ್ದನೆಯ ಕೇಬಲನ್ನು ಕೈಯಾರೆ ಎಳೆದಿದ್ದೆ. ಎಳೆದ ದಿನ ಟೆಸ್ಟಿನಲ್ಲಿ ಚೆನ್ನಾಗಿಯೇ ಪಾಸಾಯಿತು. ಮುಂದಿನ ವಾರ ಮ್ಯಾನೇಜರ ಎದುರಿಗೆ ಟೆಸ್ಟ್ ಮಾಡಿದರೆ ಫೇಲ್! ಪೂರ್ತಿ ಸತ್ತಿದ್ದರೆ ಹುಡುಕುವುದು ಸುಲಭ. ಇದು ಸತ್ತಿರಲಿಲ್ಲ, ಕಳಿಸಿದ್ದರಲ್ಲಿ ಅರ್ಧ ತಲುಪುತ್ತಿತ್ತು, ಅರ್ಧ ಕೆಡುತ್ತಿತ್ತು.

ಮ್ಯಾನೇಜರಿಗೆ ಆಗಲೇ ಒಬ್ಬರ ಮೇಲೆ ಕಣ್ಣಿತ್ತು, ಮಿಲ್ಲಿನ ಎಲೆಕ್ಟ್ರಿಷಿಯನ್ ರಂಗಸಾಮಿ ಅಣ್ಣ. ಅವರೂ ನಮ್ಮಂತೆ ಕನ್ನಡದ ನೇಕಾರರೇ, ಆದರೂ ಮಿಲ್ಲಿನೊಳಗೆ ನಾವಿಬ್ಬರೂ ಆಡುತ್ತಿದ್ದುದು ತಮಿಳೇ. ಅವರ ತಮ್ಮ ಗೋದಾಮಿನ ಗುಮಾಸ್ತ. ಕಂಪ್ಯೂಟರ್ ಬಂದರೆ ಆ ಕೆಲಸ ಹೋಗುತ್ತದೆ ಎಂದು ಅಣ್ಣ ಎಲ್ಲರ ಮುಂದೆ ಕೂಗಾಡಿದ್ದರಂತೆ. ಮನುಷ್ಯರು ಕೈ ಹಾಕಿದ್ದಕ್ಕೆ ಗುರುತು ಸಿಕ್ಕರೆ ಸಾಕು, ಇವನನ್ನು ಹೊರಗೆ ಹಾಕುತ್ತೇನೆ ಅಂದರು ಮ್ಯಾನೇಜರು. ಕೆಲಸದ ಜೊತೆ ಮಿಲ್ಲು ಕೊಟ್ಟ ಸಾಲುಮನೆಯೂ ಹೋಗುತ್ತದೆ. ಮಕ್ಕಳಿರುವ ಸಂಸಾರ ಬೀದಿಗೆ ಬೀಳುತ್ತದೆ. ಎಲ್ಲಾ ನಾನು ಹೇಳುವ ಒಂದು ಮಾತಿನ ಮೇಲೆ ನಿಂತಿತ್ತು.

ವಾರದ ರಜೆಯ ದಿನ ಹುಡುಕಲು ಹೋದೆ. ಕೇಬಲ್ಲಿನೊಳಗೆ ಒಂದು ಮಿಡಿತ ಕಳಿಸಿದರೆ ತೊಡಕಿರುವ ಜಾಗದಿಂದ ಅದು ಪ್ರತಿಧ್ವನಿಯಾಗಿ ಹಿಂದೆ ಬರುತ್ತದೆ. ಅದನ್ನು ತೋರಿಸುವ ಉಪಕರಣ ಕಂಪನಿಯಿಂದ ಬಂದಿತ್ತು. ತೊಡಕು ಶೆಡ್ಡಿನ ನಟ್ಟನಡುವೆ ಎಂದಿತು ಅದು. ಯಂತ್ರಗಳೆಲ್ಲ ನಿಂತಿದ್ದವು. ದಿನವೂ ಕಿವಿ ಕಿತ್ತುಹೋಗುವ ಸದ್ದಿರುವ ಜಾಗ ಹಾಡುಹಗಲಲ್ಲಿ ಅಷ್ಟು ಮೌನವಾಗಿದ್ದರೆ ಎದೆ ಯಾಕೋ ಭಾರವಾಗುತ್ತದೆ. ಕೆಳಗೆ ಏಣಿ ಹಿಡಿದು ನಿಂತವರು ರಂಗಸಾಮಿ ಅಣ್ಣನೇ.

ತೊಲೆಯ ಮೇಲೆ ಕೈಯಾಡಿಸಿದೆ. ಕೇಬಲ್ಲಿನಲ್ಲಿ ಒಂದು ಜೋಡಣೆ! ನಾನು ಹಾಕದ ಜೋಡಣೆ. ಟೇಪಿಲ್ಲ, ಬೆಸುಗೆಯಿಲ್ಲ. ಮಗ್ಗದಲ್ಲಿ ಹರಿದ ಎಳೆಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಗಂಟಿಲ್ಲದೆ ಹೊಸೆದು ಸೇರಿಸುತ್ತಾರಲ್ಲ, ಹಾಗೆ ತಾಮ್ರದ ಎಳೆಗಳನ್ನು ಹೊಸೆದು, ಕೇಬಲ್ಲಿನ ಒಳತಂತಿಗೂ ಅದರ ಸುತ್ತ ಹೆಣೆದ ತಾಮ್ರದ ಬಲೆಗೂ ನಡುವೆ ನೂಲು ಸುತ್ತಿದ್ದರು. ನೂಲಿನ ಮೇಲೆ ಬೂದಿ ಇನ್ನೂ ಇತ್ತು. ನೇಕಾರರ ಮನೆಯವರಲ್ಲದೆ ಬೇರೆ ಯಾರೂ ಕೇಬಲನ್ನು ಹೀಗೆ ಸೇರಿಸಲಾರರು. ಕತ್ತರಿಸಿ ತೆಗೆದು ಕೆಳಗಿಳಿದು ತೋರಿಸಿದೆ. ಅಣ್ಣನ ಮುಖ ಬಿಳಿಚಿಕೊಂಡಿತು. ನೀವಾ ಸೇರಿಸಿದ್ದು ಎಂದು ನನ್ನನ್ನೇ ಕೇಳಿದರು. ಬೇಗ ಸಿಗದಿರಲಿ ಅಂತ ಕತ್ತರಿಸಿ ತಾನೇ ಸೇರಿಸಿಟ್ಟು ಈಗ ನನ್ನನ್ನು ಕೇಳುವುದು ಬೇರೆ, ಆಹಾ, ಏನು ನಾಟಕ ಅಂದುಕೊಂಡೆ.

ಕೇಬಲ್ಲಿಗೆ ಹೊಸ ತುದಿಗಳನ್ನು ಹಾಕಿ ಜೋಡಿಸಿ ಟೆಸ್ಟ್ ಮಾಡಿದರೆ ಪಾಸ್. ತುಂಡನ್ನು ಬೆಳಿಗ್ಗೆ ಮ್ಯಾನೇಜರ ಮುಂದೆ ಇಡೋಣವೆಂದು ಮನೆಗೆ ತಂದು ಜಗುಲಿಯ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಅಮ್ಮನಿಗೆ ಆಗ ಎರಡೂ ಕಣ್ಣಿಗೆ ಪೊರೆ. ತಡಕಾಡುವಾಗ ಅದು ಕೈಗೆ ಸಿಕ್ಕಿತು. ನಾನು ಬಂದಾಗ ಅದನ್ನು ಬೆರಳಲ್ಲಿ ಸವರುತ್ತಾ ಕೂತಿದ್ದಳು. ಮುದ್ದಿಗೆ ನನ್ನನ್ನು ತಮಿಳರ ಹಾಗೆ ಕಣ್ಣು ಅಂತಲೇ ಕರೆಯುತ್ತಿದ್ದಳು.

"ಇದು ನಿಮ್ಮಪ್ಪ ಹೊಸೆದಿದ್ದಲ್ವಾ ಕಣ್ಣು? ಎಲ್ಲಿ ಸಿಕ್ತು?"

 ಅಪ್ಪ ಎಡಗೈಯವರು. ಬೀದಿಯವರೆಲ್ಲ ಒಂದು ಕಡೆ ಹೊಸೆದರೆ ಅವರದು ತಿರುವುಮುರುವು. ಅವರು ಹೋಗಿ ಆರೇಳು ವರ್ಷ ದಾಟಿತ್ತು. ಆ ಮಿಲ್ಲಿನ ಮೆಟ್ಟಿಲನ್ನೂ ತುಳಿದವರಲ್ಲ. ಅಮ್ಮನ ಕೈಯಿಂದ ತುಂಡನ್ನು ತೆಗೆದುಕೊಂಡು ನೋಡಿದೆ. ಹೊಸೆತ ಎಡಕ್ಕೇ ತಿರುಗಿತ್ತು. ಯಾರದೋ ಇರಬೇಕು ಬಿಡಮ್ಮ ಅಂದೆ. ಅವಳು ಒಪ್ಪಲಿಲ್ಲ. ಯಾರ ಮಗ್ಗದಲ್ಲಿ ಎಳೆ ಹರಿದಿದ್ದರೂ ನಿಮ್ಮಪ್ಪ ಸೇರಿಸದೆ ಮುಂದೆ ಹೋದವರಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.  ಅಳು ಬಂತು, ಹೆದರಿಕೆಯೂ ಆಯಿತು.

ಬೆಳಿಗ್ಗೆ ಮ್ಯಾನೇಜರಿಗೆ ಇಲಿ ಕಡಿದಿತ್ತು ಅಂತ ಹೇಳಿಬಿಟ್ಟೆ. ಅಪ್ಪನ ಕೈ ಎಂದು ಅಮ್ಮ ಹೇಳಿದ ತುಂಡನ್ನು ತೋರಿಸಿ ಇನ್ನೊಬ್ಬರ ಅನ್ನ ಕಸಿಯಲು ನನಗೆ ಮನಸ್ಸು ಬರಲಿಲ್ಲ. ಅವರು ನಂಬಿದರೋ ಬಿಟ್ಟರೋ, ರಂಗಸಾಮಿ ಅಣ್ಣನ ಕೆಲಸ ಉಳಿಯಿತು.

ಸಂಜೆ ಬಸ್ಸಿಗೆ ನಿಂತಿದ್ದಾಗ ಅವರು ಹಿಂದೆಯೇ ಬಂದು ನನ್ನ ಕೈ ಹಿಡಿದುಕೊಂಡರು.  ಮೊದಲ ಸಲ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದರು.

"ಕತ್ತರಿಸಿದ್ದು ನಾನೇ ತಂಬಿ. ಎರಡು ತುಂಡು ಮಾಡಿ ಅಲ್ಲೇ ಬಿಟ್ಟು ಇಳಿದು ಬಂದೆ. ನಿಮ್ಮಮ್ಮನಾಣೆ ಹೇಳು, ಅದನ್ನ ಸೇರಿಸಿದ್ದು ಯಾರು?"

 ನಾನು ಹತ್ತಬೇಕಿದ್ದ ಬಸ್ಸು ಬಂತು, ಹೋಯಿತು. ಅವರು ನನ್ನ ಕೈ ಬಿಡದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.