ಬಾವನವರ ಮುಂದೆ ಕೇಳಿದ ಪ್ರಶ್ನೆ

ಪುಟ್ಟಿ, ಚಿನ್ನು, ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಆರ್ಕಿಟೆಕ್ಟ್ ಓದಿಗೆ ಸೇರಿದಳೆಂದು ನಿಮ್ಮಪ್ಪ ಹೇಳಿದ ದಿನದಿಂದ ಇದು ಮನಸ್ಸಿನಲ್ಲಿತ್ತು.

ನಮ್ಮ ಹೊಸ ಮನೆಗೆ ನಕ್ಷೆ ಬರೆದವಳು ತುಮಕೂರಿನಿಂದ ಬಂದ ಒಬ್ಬ ಹುಡುಗಿ. ಒಳ್ಳೆಯವಳು. ಪಡಸಾಲೆಯಲ್ಲಿ ಕೂತು, ಮನೆಯ ಮುಂಭಾಗ ಹೇಗೆ ಕಾಣುತ್ತದೆ ಎಂದು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಅಜ್ಜಿಗೆ ಎಂಥ ಕೋಣೆ ಬೇಕು ಎಂದು ಕೇಳಿದಳು. ಅಲ್ಲೇ ಕುರ್ಚಿಯಲ್ಲಿ ನಿಮ್ಮ ದೊಡ್ಡತಾತ ಕೂತಿದ್ದರು. ಬಾವನವರ, ಅಂದರೆ ಗಂಡನ ಅಣ್ಣನ ಮುಂದೆ ನಮ್ಮ ಮನೆಯ ಹೆಂಗಸರು ಮಾತಾಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅವರ ಎದುರು ಬಾಯಿ ತೆರೆದವಳಲ್ಲ. ಬಾಗಿಲ ಮರೆಗೆ ಸರಿದೆ.

“ಅವ್ಳನ್ನೇನ್ ಕೇಳ್ತೀಯ ಬುಡವ್ವ. ಇಷ್ಟ್ ವರ್ಸ ಕುರಿ ಜತೆ ಇದ್ದೋಳು, ಹೆಂಗ್ ಕಟ್ಟಿದ್ರೂ ಇರ್ತಾಳೆ,” ಎಂದರು ಅವರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

ನನಗೆ ಸಿಕ್ಕಿದ್ದು ಪಡುವಣ ಮೂಲೆಯ ಕೋಣೆ, ಮೇಲೆ ಕಾಂಕ್ರೀಟು. ನಿಡುಗಲ್ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಿಡಿದು ಹಿತ್ತಲಿನ ಹಳೆಯ ಮಣ್ಣಿನ ಮಾಳಿಗೆ ಕೋಣೆಗೆ ಹೋಗುತ್ತಿದ್ದೆ. ತೊಲೆಗಳ ಮೇಲೆ ಕಟ್ಟಿಗೆ ಹಾಸಿ, ಸೊಪ್ಪು ಹರಡಿ, ನೀರು ಇಳಿಯದ ಚೌಳು ಮಣ್ಣು ಹಾಕಿ ಗಟ್ಟಿಮಾಡಿದ ಸೂರು. ಅಲ್ಲಿ ಮಲಗಿದರೆ ನಿದ್ದೆ ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಆ ಹುಡುಗಿ ಟ್ರ್ಯಾಕ್ಟರ್ ಶೆಡ್ಡಿನ ಅಳತೆಗೆ ಬಂದಳು. ಮಾಳಿಗೆ ಕೆಡವಿ ಅಲ್ಲೇ ಶೆಡ್ಡು ಹಾಕಿಸುವುದೆಂದು ನಿಮ್ಮಪ್ಪ ಹೇಳಿದ್ದ. ಒಳಗೆ ಬಂದವಳು ನಾನು ಮಲಗಿರುವುದನ್ನು ಕಂಡಳು. ಗೋಡೆಗೆ ಅಂಗೈ ಇಟ್ಟು ತಂಪು ನೋಡಿದಳು.

“ನಿಮ್ಮ ಕೋಣೆ ಸೆಕೆನಾ ಅಜ್ಜಿ?”

“ಸುಡ್ತೈತೆ ಕಣವ್ವ.”

“ಅವತ್ತು ಕೇಳಿದಾಗ ಹೇಳಬಹುದಿತ್ತಲ್ಲ?”

“ಬಾವ್ನೋರು ಕುಂತಿದ್ರಲ್ಲವ್ವ.”

ಅವಳು ಚಾಪೆಯ ಅಂಚಿನಲ್ಲಿ ಕೂತುಬಿಟ್ಟಳು. ಯಾರ ಎದುರು ಕೇಳಬಾರದು ಎನ್ನುವುದನ್ನು ಓದುವಾಗ ಯಾರೂ ಕಲಿಸಲಿಲ್ಲ ಎಂದಳು. ನಿಮ್ಮಪ್ಪನಿಗೆ ತಾನೇ ಹೇಳುವುದಾಗಿ ಅವಳೆಂದಾಗ ಬೇಡವೆಂದು, ಸಂಜೆ ಊಟಕ್ಕೆ ಬಡಿಸುವಾಗ ಮಾಳಿಗೆ ಉಳಿಸು ಎಂದು ನಾನೇ ಹೇಳಿದೆ. ನಿಮ್ಮಪ್ಪ ತುತ್ತನ್ನು ತಟ್ಟೆಗಿಟ್ಟು ತಲೆ ಎತ್ತಿದ.

“ಈಗ್ ಹೇಳ್ತೀಯಲ್ಲವ್ವ. ನಾಳೀಕೆ ಜೆಸಿಬಿ ಬತ್ತೈತೆ.”

ಅವನನ್ನು ಬೈಯಬೇಡಿ. ಟ್ರ್ಯಾಕ್ಟರು ಮಳೆಯಲ್ಲಿ ನಿಂತು ಹಾಳಾಗುತ್ತಿತ್ತು, ಅದೂ ನಿಜ. ಮರುದಿನ ಮಧ್ಯಾಹ್ನದೊಳಗೆ ಎಲ್ಲ ನೆಲಸಮವಾಯಿತು. ಈಗ ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ನನಗೂ ಸಾಕಾಗಿದೆ, ಮತ್ತೆ ಆ ಮಾತು ಎತ್ತಿಲ್ಲ.

ಪುಟ್ಟಿ, ಮಣ್ಣಿನ ಮಾಳಿಗೆಯನ್ನೇ ಕಟ್ಟು ಎನ್ನುವುದಿಲ್ಲ. ವರ್ಷವರ್ಷ ಚೌಳು ಹೊತ್ತು ಮೇಲೆ ಹಾಕುವ ಕೈಗಳು ಈಗ ಯಾರ ಮನೆಯಲ್ಲೂ ಇಲ್ಲ. ಆ ತಂಪನ್ನು ಈಗಿನ ಸಾಮಾನಿನಲ್ಲಿ ಹೇಗೆ ತರುವುದು ಎನ್ನುವುದನ್ನು ನಿಮ್ಮ ಕಸುಬಿನವರು ಕಲಿಯಬೇಕು. ಮುಂಭಾಗದ ಚಿತ್ರ ಆಮೇಲೆ ಬರಲಿ. ಮೊದಲು ಅಡುಗೆಮನೆಗೆ ಹೋಗು, ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿ ಹೆಂಗಸರನ್ನು ಕೇಳು. ಹೆಂಗ್ ಕಟ್ಟಿದ್ರೂ ಆಯ್ತು ಎಂದರೆ ನಂಬಬೇಡ, ಇನ್ನೊಮ್ಮೆ ಕೇಳು.

ಚಿನ್ನು, ಅಕ್ಕ ಎಲ್ಲವನ್ನೂ ಎಲ್ಲೆಂದರಲ್ಲಿ ಇಡುತ್ತಾಳೆ. ಈ ಹಾಳೆಗಳು ನಿನ್ನ ಹತ್ತಿರವೇ ಇರಲಿ, ಅವಳ ಓದು ಮುಗಿಯುವವರೆಗೆ ಹರಿಯದಂತೆ ನೋಡಿಕೋ.